ಸದ್ದಿಲ್ಲದೆ ಬಂದ ಕಾರು

ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಇಳಿದೆ. ಜಗಲಿಯಲ್ಲಿದ್ದ ನನ್ನ ಹೆಂಡತಿ ನನ್ನನ್ನು ನೋಡಿ ಒಳಗೆ ಹೋದಳು. ಮನೆಗೆ ಬಂದ ನೆಂಟರಿಗೆ ಕೊಡುವಂತೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ನನ್ನ ಮುಂದಿಟ್ಟಳು.

“ಕೂತ್ಕೊಳ್ಳಿ. ನಮ್ಮವರು ಈಗ ಬರ್ತಾರೆ.”

ಮರೆವಿನ ಕಾಯಿಲೆ ನನ್ನ ಹೆಸರನ್ನೂ ಮುಖವನ್ನೂ ಅವಳಿಂದ ಕಸಿದುಕೊಂಡಿದೆ. ಆದರೂ ಗೇಟಿನ ಬಳಿ ತಿರುಗುವಾಗ ನಮ್ಮ ಹಳೆಯ ಕಾರು ಕಟಕಟ ಎಂದರೆ ಸಾಕು, “ಬಂದ್ರು” ಎಂದು ನಗುತ್ತಾ ಎದ್ದು ಬರುತ್ತಿದ್ದಳು. ಅವಳು ಗುರುತಿಸುತ್ತಿದ್ದುದು ಆ ಶಬ್ದವನ್ನು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲಿ ಕೈಕೊಡಬಾರದೆಂದು ಅಂದು ಬೆಳಿಗ್ಗೆ ಕಾರನ್ನು ಬದಿಯಡ್ಕದ ಗ್ಯಾರೇಜಿಗೆ ಒಯ್ದಿದ್ದೆ. ಮೆಕ್ಯಾನಿಕ್ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮೈದಾನದಲ್ಲಿ ಸುತ್ತು ಹಾಕಿ ಶಬ್ದಕ್ಕೆ ಕಿವಿಗೊಟ್ಟ. ಚಕ್ರದ ಒಳಬದಿಯ ರಬ್ಬರ್ ಹರಿದು, ಗ್ರೀಸ್ ಸೋರಿ, ಆಕ್ಸಲ್ ಜಾಯಿಂಟ್ ಸವೆದಿತ್ತು. ಹೊಸದು ಹಾಕಿಕೊಟ್ಟ.

ಬಂದದ್ದು ನಾನೇ ಎಂದು ಎಷ್ಟು ಹೇಳಿದರೂ ಅವಳು ಸಂಕೋಚದಿಂದ ಸೆರಗು ಸರಿಮಾಡಿಕೊಂಡು ಗೇಟಿನತ್ತ ನೋಡಿದಳು. ನಾನು ಗ್ಯಾರೇಜಿಗೆ ಫೋನ್ ಮಾಡಿ, ಹಳೆಯ ಜಾಯಿಂಟನ್ನೇ ಮತ್ತೆ ಹಾಕಿಕೊಡಬಹುದೇ ಎಂದು ಕೇಳಿದೆ.

“ಎಂತ ಮಾರಾಯ್ರೆ, ಅದು ದಾರಿಯಲ್ಲೇ ತುಂಡಾಗ್ತದೆ! ಅದನ್ನು ಗುಜರಿಯವ ಆಗಲೇ ತಕೊಂಡು ಹೋದ” ಎಂದ.

ಈಗ ಕಾರು ಸದ್ದಿಲ್ಲದೆ ಗೇಟು ದಾಟುತ್ತದೆ. ದಿನವೂ ನನಗೆ ಬೆಲ್ಲ, ನೀರು ಸಿಗುತ್ತದೆ. ನೆಂಟರ ಕುರ್ಚಿಯಲ್ಲಿ ಕೂತು, ಅವಳ ಜೊತೆ ನಾನೂ ನನ್ನ ದಾರಿ ಕಾಯುತ್ತೇನೆ.