ಆಯಿ ಹೇಳದ ಹೆಸರು

ಮೊನ್ನೆ ಕುಮಟೆಯ ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ‘ಗಣಪತಿ’ ಎಂದು ಕರೆದಳು. ಬೆಂಚಿನ ಮೇಲಿದ್ದ ಅರ್ಧಕ್ಕರ್ಧ ಜನ ಎದ್ದು ನಿಂತರು. ನಗಬೇಡಿ, ನಮ್ಮ ಕಡೆ ಅದು ಹಾಗೇ. ಇಡಗುಂಜಿಯ ಗಣಪತಿ ದೇವರಿಗೆ ಹರಕೆ ಹೊತ್ತು ಗಂಡು ಹುಟ್ಟಿದರೆ ಹೆಸರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಗುರುತಿಗೆಂದು ಒಬ್ಬನನ್ನು ದೋಣಿ ಗಣಪತಿ, ಇನ್ನೊಬ್ಬನನ್ನು ಸೈಕಲ್ ಗಣಪತಿ ಎನ್ನಬೇಕಾಗುತ್ತಿತ್ತು. ನಮ್ಮೂರು ಬಾಡದಲ್ಲಿ ಮೀನು ಹಿಡಿಯುತ್ತಿದ್ದ ನಮ್ಮ ಅಪ್ಪ ಬಲೆ ಗಣಪತಿ.

ಆದರೆ ಆಯಿ, ಅಂದರೆ ನಮ್ಮಮ್ಮ, ಆ ಹೆಸರನ್ನು ಬಾಯಿಗೆ ತಂದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿದ್ದಳು. ಚೌತಿಯ ದಿನವೂ ಅವಳ ಪಾಲಿಗೆ ಮನೆಗೆ ಬರುವವನು ‘ಸೊಂಡಿಲ ದೇವರು’.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಭಟ್ಕಳದಲ್ಲಿ ಅಕ್ಕನಿಗೆ ಮಗ ಹುಟ್ಟಿದ. ಹೆಸರಿಡುವ ಶಾಸ್ತ್ರಕ್ಕೆ ನಾವು ಮೂವರೂ ಬಸ್ಸು ಹತ್ತಿದೆವು. ಚೊಚ್ಚಲ ಮೊಮ್ಮಗನಿಗೆ ತನ್ನ ಹೆಸರೇ ಆಗಬೇಕೆಂದು ಅಪ್ಪನ ಹಟ.

“ಹಾಗಾರೆ ನಾ ಎಂತ ಹೇಳಿ ಕರೂದು? ಮೊಮ್ಮಗನ ಹೆಸ್ರು ಕರೂ ಭಾಗ್ಯವೂ ನಂಗೆ ಇಲ್ವಾ?” ಎಂದು ಆಯಿ ಕಣ್ಣೊರೆಸಿಕೊಂಡಳು.

“ಸೊಂಡ್ಲು ಅನ್ನು” ಎಂದ ಅಪ್ಪ.

ಹೊನ್ನಾವರದಲ್ಲಿ ಅಪ್ಪ ಚಾ ಕುಡಿಯಲು ಇಳಿದ. ಹೊರಡುವ ಹೊತ್ತಾದರೂ ಪತ್ತೆಯಿಲ್ಲ. ಆಯಿ ನನ್ನನ್ನು ತಿವಿದಳು. ನನ್ನ ‘ಅಪ್ಪಾ’ ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಕಂಡಕ್ಟರು ಹೆಸರು ಕೇಳಿದ, ನಾನು ಹೇಳಿದೆ. ಅವನು ಬಾಗಿಲಲ್ಲಿ ನಿಂತು ಕೂಗಿದ್ದೇ ತಡ, ಇನ್ನಾರೋ ಗಣಪತಿ ಓಡಿಬಂದು ಹತ್ತಿದ. “ಬಂದ್ರಲ್ಲ ಅಮ್ಮ, ಆತು” ಎಂದು ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಾಗ ನಮ್ಮ ಗಣಪತಿ ಅಂಗಡಿಯಿಂದ ಹೊರಬೀಳುತ್ತಿದ್ದ.

ಆಯಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: “ಗಣಪತೀ!”

ಬಸ್ಸೇ ನಿಂತಿತು.

“ನನ್ ಹೆಸ್ರು ನಿಂಗೂ ಗೊತ್ತದ್ಯಾ?” ಎಂದು ಅಪ್ಪ ಕೂರುತ್ತಲೇ ಕೆಣಕಿದ. ಆಯಿ ನಗಲಿಲ್ಲ. ಅವನಿಗೇನಾದರೂ ಆದರೆ ತನ್ನ ಬಾಯೇ ಕಾರಣ ಎಂಬ ಭಯ. ಅವನ ಅಂಗಿಯ ತುದಿ ಹಿಡಿದುಕೊಂಡು ದಾರಿಯುದ್ದಕ್ಕೂ ಅತ್ತಳು. ಮಂಕಿ ಊರು ದಾಟುವಷ್ಟರಲ್ಲಿ ಅಪ್ಪನ ತಮಾಷೆಯೂ ನಿಂತುಹೋಯಿತು.

ಮರುದಿನ ತೊಟ್ಟಿಲ ಬಳಿ ಎಲ್ಲರೂ ಅಪ್ಪನ ಮುಖ ನೋಡಿದರು.

“ಸಂತೋಷ ಅಂತ ಇಡಿ” ಎಂದ. “ನನ್ ಹೆಸ್ರು ಎಂತಕ್ಕೆ, ಕರ್ದ್ರೆ ಇವ್ಳು ಅಳ್ತಾಳೆ.”

ಆಯಿ ಬಗ್ಗಿ ಕೂಸಿನ ಕಿವಿಯಲ್ಲಿ ‘ಸಂತೋಷ, ಸಂತೋಷ’ ಎನ್ನುತ್ತಲೇ ಇದ್ದಳು. ಬೇರೆಯವರಿಗೆ ಸರದಿಯೇ ಸಿಗಲಿಲ್ಲ.

ನಾನೋ, ಗಂಡನನ್ನು ಹೆಸರು ಹಿಡಿದು ಕರೆಯುವ ಕಾಲದವಳು. ಮೊನ್ನೆಯಿಂದ ಕರೆಯುವ ಮುಂಚೆ ನಾಲಿಗೆ ಒಂದು ಗಳಿಗೆ ತಡೆಯುತ್ತದೆ, ಆಯಿಯ ನೆನಪಾಗುತ್ತದೆ. ಆಮೇಲೆ ಕರೆಯುತ್ತೇನೆ. ಪುಣ್ಯಾತ್ಮ ಪೇಪರಿನಿಂದ ತಲೆಯನ್ನೇ ಎತ್ತುವುದಿಲ್ಲ.