ಹಡಗಿಗೆ ಬೇಕಾದ ತಾರೀಕು

ಲಕ್ಷದ್ವೀಪದ ಹಡಗಿಗೆ ಮೂರು ತಿಂಗಳು ಮೊದಲೇ ಟಿಕೆಟ್ ಮಾಡಿಸಬೇಕು ಎಂದು ಮಂಗಳೂರಿನ ಏಜೆಂಟ್ ಜನವರಿಯಲ್ಲಿ ಫೋನಿನಲ್ಲಿ ಹೇಳಿದ. ಮಕ್ಕಳಿಗೆ ಏಪ್ರಿಲ್‌ನಲ್ಲಿ ರಜೆ. ತಾರೀಕು ಹೇಳಲಿ ಎಂದು ರಿಸೀವರನ್ನು ನಮ್ಮ ಮನೆಯವರ ಕೈಗೆ ಕೊಟ್ಟೆ.

“ಹೂಮಳೆ ಬಿದ್ದ ಮೇಲೆ ಹೇಳ್ತೀನಿ ಮಾರಾಯ್ರೆ,” ಅಂದರು.

“ಅದು ಯಾವ ತಾರೀಕು ಬರುತ್ತೆ ಸಾರ್?” ಎಂದು ಅವನು ಕೇಳಿದನಂತೆ. ಕಾಫಿ ಹೂ ಅರಳಿಸುವ ಆ ಮಳೆಯ ತಾರೀಕು ಹೇಳಬಲ್ಲವರಾಗಿದ್ದರೆ ಇವರನ್ನು ನಮ್ಮೂರು ಗೋಣಿಬೀಡಿನ ಜನ ಪೂಜೆ ಮಾಡುತ್ತಿದ್ದರು. ಅದು ಬರದಿದ್ದರೆ ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಓಡಿಸಬೇಕು. ಬಂದರೆ, ಕಾಯಿ ಕಟ್ಟಲು ಇನ್ನೊಂದು ಮಳೆಗೆ ಕಾಯಬೇಕು. ಕ್ರಿಸ್‌ಮಸ್ ರಜೆಗೆ ಹೋಗೋಣವೆಂದರೆ ಆಗ ಕೊಯ್ಲು. ಹೀಗೇ ನಾಲ್ಕು ವರ್ಷ ಹೋಯಿತು.

ಐದನೆಯ ವರ್ಷ ನನಗೆ ರೇಗಿತು. ಮಕ್ಕಳಿಗೆ ಶಾಲೆ ತಪ್ಪಿದರೆ ತಪ್ಪಲಿ ಎಂದು ನಾನೇ ಫೋನ್ ಮಾಡಿ, ಜಡಿಮಳೆಗೆ ತೋಟದ ಕೆಲಸ ನಿಲ್ಲುವ ಜುಲೈಗೆ ನಾಲ್ಕು ಟಿಕೆಟ್ ಕೇಳಿದೆ.

“ಜುಲೈನಲ್ಲಿ ಹಡಗು ಬಿಡಲ್ಲ ಮೇಡಂ, ಮಳೆಗಾಲ ಅಲ್ವಾ,” ಅಂದ ಏಜೆಂಟ್.

ರಿಸೀವರ್ ಇಟ್ಟೆ. ಇವರು ಪೇಪರಿನಿಂದ ತಲೆಯೆತ್ತದೆ, “ಏನಂತೆ?” ಎಂದು ಕೇಳಿದರು.

“ಹಡಗಿನವ್ರೂ ಮಳೆ ನೋಡ್ಕೊಂಡೇ ಹೇಳೋದಂತೆ.”