ಸದ್ದಿಲ್ಲದ ಯಂತ್ರದ ಮಿಮಿಕ್ರಿ

ಕೇರಳದಲ್ಲಿ ಮಿಮಿಕ್ರಿ ಮಾಡುವುದೆಂದರೆ ಮೈಸೂರಿನವರಿಗೆ ಮೈಸೂರು ಪಾಕ್ ಮಾರಿದಂತೆ. ಬಾಯಿಗಿಡುವ ಮೊದಲೇ ತುಪ್ಪ ಸಾಲದು ಅಂತಾರೆ. ಹೋದ ವರ್ಷ ಕೊಚ್ಚಿಯ ನಮ್ಮ ಆಫೀಸಿನ ಓಣಂ ಸ್ಪರ್ಧೆಯಲ್ಲಿ ಮ್ಯಾನೇಜರ್ ದನಿ ಮಾಡಿದ್ದೆ. ಜನ ಬಿದ್ದು ಬಿದ್ದು ನಕ್ಕರು, ಆದರೆ ಜೋಕು ಬರುವ ಮೊದಲೇ. ನಕ್ಕದ್ದು ನನ್ನ ಮಲಯಾಳಂಗೆ. ಮ್ಯಾನೇಜರಂತೂ ಬೆನ್ನು ತಟ್ಟಿ, "ಚೆನ್ನಾಗಿತ್ತು, ಯಾರದು ಆ ದನಿ?" ಎಂದರು.

ಈ ಸಲ ಮಾನ ಉಳಿಸಿಕೊಳ್ಳಲೇಬೇಕಿತ್ತು. ಮಲಯಾಳಂ ಬೇಡದ ದನಿ ಯಾರದಪ್ಪಾ ಎಂದು ಹುಡುಕಿ ಕಂಪ್ಯೂಟರನ್ನೇ ಹಿಡಿದೆ. ಕೋಣೆ ತುಂಬ ಕೂರುತ್ತಿದ್ದ ವಾಲ್ವ್ ಯಂತ್ರದಿಂದ ಇವತ್ತಿನವರೆಗೆ ಇಡೀ ವಂಶಾವಳಿ, ಬರೀ ಬಾಯಲ್ಲಿ! ಹೆಸರು ಕೊಟ್ಟ ಮೇಲೆ ಹೊಳೆಯಿತು: ಆ ವಂಶದ ಹಿರಿಯರೆಲ್ಲ ನಾನು ಹುಟ್ಟುವ ಮೊದಲೇ ಗುಜರಿ ಸೇರಿದ್ದರು.

ರೈಲು ಹತ್ತಿ ತಿರುವನಂತಪುರಕ್ಕೆ, ಉಳ್ಳೂರಿನ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಕೇಂದ್ರ ಸರ್ಕಾರದ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದವರು, ಚಿಕ್ಕಪ್ಪ ಬ್ಯಾಂಕಿನಲ್ಲಿ. ಇಬ್ಬರೂ ಈಗ ನಿವೃತ್ತರು, ಹಾಗಾಗಿ ಜಗಳಕ್ಕೆ ಬೇಕಾದಷ್ಟು ಸಮಯ.

"ಫ್ಲಾಪಿ ಹೇಗೆ ಕೂಗ್ತಿತ್ತು?" ಎಂದೆ.

"ಕರ್ರ್... ಕರ್ರ್..." ಚಿಕ್ಕಪ್ಪ ಶುರುಮಾಡಿದರು.

"ಅದು ಕಪ್ಪೆ ರೀ! ಫ್ಲಾಪಿ ಅಂದ್ರೆ ಟಕ್, ಟಕ್, ಗುರ್ರ್..." ಎಂದರು ಚಿಕ್ಕಮ್ಮ.

"ನಿನ್ನ ಫ್ಲಾಪಿಗೆ ಕೆಮ್ಮಿತ್ತು ಕಣೇ."

ಲೈನ್ ಪ್ರಿಂಟರ್ ಹೇಗೆ ಎಂದು ಕೇಳಿದ್ದಕ್ಕೆ ಚಿಕ್ಕಮ್ಮ, "ಇಡೀ ಸಾಲನ್ನ ಒಂದೇ ಏಟಿಗೆ ಹೊಡಿಯೋದು. ಊಟ ಆದ್ಮೇಲೆ ನಿಮ್ಮ ಚಿಕ್ಕಪ್ಪ ಮಲಗ್ತಾರೆ, ಪಕ್ಕದಲ್ಲಿ ಕೂತು ಕಲ್ತ್ಕೋ. ಒಂದೇ ವ್ಯತ್ಯಾಸ, ಪ್ರಿಂಟರ್‌ಗೆ ಆರಿಸೋಕೆ ಸ್ವಿಚ್ ಇತ್ತು," ಎಂದರು.

ಚಿಕ್ಕಪ್ಪನಿಗೆ ಅದು ಕೇಳಿಸಲಿಲ್ಲ. ಹೊಸ ಫೋನು ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. "ನಾನೇ ಕಣೋ! ಬೆರಳೂ ನಂದೇ, ಫೋನೂ ನಂದೇ!" ಎಂದು ಅದಕ್ಕೆ ಬೈಯುತ್ತಿದ್ದರು. ಫೋನು ತುಟಿಪಿಟಿಕ್ಕೆನ್ನಲಿಲ್ಲ.

ಸ್ಪರ್ಧೆಯ ದಿನ ಹಳೆಯ ಯಂತ್ರಗಳು ನನ್ನ ಮಾನ ಕಾಪಾಡಿದವು. ವಾಲ್ವ್ ಯಂತ್ರ ಗುಂಯ್‌ಗುಟ್ಟಿತು, ಪಂಚ್ ಕಾರ್ಡು ಕಟಕಟ ಎಂದಿತು, ಚಿಕ್ಕಪ್ಪನ ಗೊರಕೆಗೆ ಚಪ್ಪಾಳೆ ಬಿತ್ತು. ಫ್ಲಾಪಿಯನ್ನು ಕೆಮ್ಮಿನ ಸಮೇತ ಮಾಡಿದೆ. ಮೋಡೆಮ್ ಕಿರುಚಿದಾಗ ಮುಂದಿನ ಸಾಲಿನಲ್ಲಿ ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುವ ಹಿರಿಯರೊಬ್ಬರು ಭಜನೆ ಕೇಳಿದವರಂತೆ ಕಣ್ಣು ಮುಚ್ಚಿದರು. ಆಮೇಲೆ ಹಾರ್ಡ್ ಡಿಸ್ಕು. ಆಮೇಲೆ?

ಕೊನೆಯದನ್ನು ವೇದಿಕೆಯಲ್ಲೇ ನೋಡಿಕೊಳ್ಳೋಣ ಎಂದು ಬಿಟ್ಟಿದ್ದೆ, ಜಾಣ. ಈಗಿನ ಫೋನಿನೊಳಗೆ ತಿರುಗುವ ತಟ್ಟೆಯಿಲ್ಲ, ಫ್ಯಾನಿಲ್ಲ, ಉಸಿರೂ ಇಲ್ಲ. ಬಾಯಿ ತೆರೆದೆ. ಮುಚ್ಚಿದೆ.

"ಎಂದಾ ಮೋನೇ, ಹ್ಯಾಂಗ್ ಆಯೋ?" ಏನೋ ಮಗನೇ, ನಿಂತುಹೋದೆಯಾ ಎಂದು ಹಿಂದಿನ ಸಾಲಿಂದ ಯಾರೋ ಮಲಯಾಳಂನಲ್ಲಿ ಕೂಗಿದರು. ಅದೇ ಹೋದ ವರ್ಷದ ನಗು ಮತ್ತೆ ಏಳತೊಡಗಿತು.

ಖಾಲಿ ಅಂಗೈಯ ಮೇಲೆ ಹೆಬ್ಬೆರಳೊತ್ತಿ ಅಚ್ಚ ಕನ್ನಡದಲ್ಲಿ ಅರಚಿದೆ: "ನಾನೇ ಕಣೋ! ಬೆರಳೂ ನಂದೇ!"

ಸಭೆಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ, ಅರ್ಥವಾಗದವರೂ ಇರಲಿಲ್ಲ. ನಗು ದಿಕ್ಕು ಬದಲಿಸಿತು. ಅದೇ ಧೈರ್ಯದಲ್ಲಿ, ನಿಂತುಹೋದ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡಂತೆ ನಟಿಸಿ, ತೇಗು ಬರಿಸುವ ಹಾಗೆ ಬೆನ್ನು ತಟ್ಟುತ್ತಾ, "ಏಳು ಕಂದಾ, ಮೀಟಿಂಗಿದೆ" ಎಂದು ಗೋಗರೆದೆ.

ಮ್ಯಾನೇಜರ್ ಕುರ್ಚಿಯಿಂದೆದ್ದು, ಎದೆ ಮುಟ್ಟಿಕೊಂಡು, ಅದು ನಾನೇ ಎಂದು ಮಲಯಾಳಂನಲ್ಲಿ ಕೂಗಿದರು: "ಅದು ಞಾನಾ! ಅದು ಞಾನಾ!"

ಎರಡನೇ ಬಹುಮಾನ. ಡಬ್ಬಿ ಬಿಚ್ಚಿದರೆ ಮೌಸು. ರಾತ್ರಿ ಚಿಕ್ಕಮ್ಮನಿಗೆ ಫೋನು ಮಾಡಿ, "ಎಷ್ಟು ಒತ್ತಿದರೂ ಒಂಚೂರೂ ಸದ್ದು ಮಾಡಲ್ಲ," ಎಂದೆ.

"ಹೌದೇನೋ?" ಎಂದರು. "ನಿಮ್ಮ ಚಿಕ್ಕಪ್ಪನ್ನ ಕೊಡ್ತೀನಿ, ಬದಲಾಯಿಸ್ಕೊಳ್ತೀಯಾ?"